ಟರ್ಬೊ ಕಾರಿಗೆ ಎಣ್ಣೆ ಡಬ್ಬಿ ಯಾಕೆ ಮಾರಾಯ್ರೇ?

ನೇರವಾಗಿ ಹೇಳಿಬಿಡುತ್ತೇನೆ. ಮಂಗಳೂರಿನ ಒಳಗೆ ದಿನಾ ಓಡಾಡುವ, ಕಂಪನಿಯಿಂದ ಬಂದ ಹಾಗೆಯೇ ಇರುವ ಟರ್ಬೊ ಕಾರಿಗೆ ಆಯಿಲ್ ಕ್ಯಾಚ್ ಕ್ಯಾನ್ ಬೇಡ. ವಾರಂಟಿ ಇರುವ ಕಾರಿಗಂತೂ ಬೇಡವೇ ಬೇಡ. ಇಷ್ಟು ಓದಿ "ಸರಿ" ಅಂತ ಎದ್ದು ಹೋಗುವವರು ಹೋಗಬಹುದು. ಉಳಿದವರಿಗೆ ಕಾರಣ ಹೇಳುತ್ತೇನೆ. ಸ್ವಲ್ಪ ಉದ್ದ ಉಂಟು, ಒಂದು ಚಾ ಇಟ್ಟುಕೊಂಡು ಕೂತ್ಕೊಳ್ಳಿ :-)

ಬ್ಲಾಗಿಗ ಮಿತ್ರರಲ್ಲಿ ಹೆಚ್ಚಿನವರು ಕವಿತೆ, ಹರಟೆ, ಊರಿನ ನೆನಪು ಬರೆಯುವವರು. ಇವನ್ಯಾಕೆ ಇದ್ದಕ್ಕಿದ್ದ ಹಾಗೆ ಗ್ರೀಸು ಮೆತ್ತಿದ ಕೈಯಲ್ಲಿ ಕೀಬೋರ್ಡು ಮುಟ್ಟಿದ ಅಂತ ಅನ್ನಿಸಬಹುದು. ಒಂದು ಕಾಲದಲ್ಲಿ ಪೆಟ್ರೋಲ್ ಟರ್ಬೊ ಅಂದರೆ ಶೋಕಿಯವರ ಕಾರು. ಈಗ ಹಾಗಲ್ಲ. ಮೈಲೇಜೂ ಬೇಕು, ಎಳೆತವೂ ಬೇಕು ಅಂತ ಕಂಪನಿಗಳು ಸಣ್ಣ ಮೂರು ಸಿಲಿಂಡರಿನ ಇಂಜಿನಿಗೆ ಟರ್ಬೊ ಕೂರಿಸಿ ಮಾರುತ್ತಿವೆ. ಹೆಂಡತಿ ಮಕ್ಕಳನ್ನು ಕೂರಿಸಿಕೊಂಡು ಕಟೀಲಿಗೆ ಹೋಗಿ ಬರುವ ನಿಮ್ಮ ಕಾರಿನಲ್ಲೇ ಅದು ಇರಬಹುದು. ಅದು ಇದೆ ಅಂತ ಗೊತ್ತಾದ ಕೂಡಲೇ ಆಕ್ಸೆಸರಿ ಅಂಗಡಿಯವ "ಸಾರ್, ಒಂದು ಕ್ಯಾಚ್ ಕ್ಯಾನ್ ಹಾಕಿಸಿಬಿಡಿ, ಇಂಜಿನಿಗೆ ಒಳ್ಳೇದು" ಅನ್ನುತ್ತಾನೆ. ಆ "ಒಳ್ಳೇದು" ಮೇಲೆ ನನ್ನ ತಕರಾರು.

ಮೊದಲು ವಿಷಯ ಏನು ಅಂತ ಅಡುಗೆಮನೆ ಭಾಷೆಯಲ್ಲಿ ಹೇಳುತ್ತೇನೆ.

ಸಿಲಿಂಡರಿನ ಒಳಗೆ ಪೆಟ್ರೋಲು ಉರಿದು ಪಿಸ್ಟನ್ನನ್ನು ಕೆಳಗೆ ದೂಡುತ್ತದೆ. ಪಿಸ್ಟನ್ನಿಗೂ ಸಿಲಿಂಡರ್ ಗೋಡೆಗೂ ನಡುವೆ ರಿಂಗುಗಳಿರುತ್ತವೆ. ಎಷ್ಟೇ ಒಳ್ಳೆಯ ರಿಂಗಾದರೂ ಆ ಒತ್ತಡಕ್ಕೆ ಸ್ವಲ್ಪ ಗ್ಯಾಸು ಸಂದಿಯಲ್ಲಿ ನುಸುಳಿ ಕೆಳಗಿನ ಎಣ್ಣೆ ಕೋಣೆಗೆ, ಅಂದರೆ ಕ್ರ್ಯಾಂಕ್‌ಕೇಸಿಗೆ, ಇಳಿಯುತ್ತದೆ. ಇದಕ್ಕೆ ಬ್ಲೋ ಬೈ ಅನ್ನುತ್ತಾರೆ. ನಿನ್ನೆ ಶೋರೂಮಿನಿಂದ ಇಳಿದ ಕಾರಿನಲ್ಲೂ ಇದು ಇರುತ್ತದೆ, ರೋಗವೇನಲ್ಲ. ಆದರೆ ಆ ಗ್ಯಾಸು ಹೊರಗೆ ಹೋಗಲು ದಾರಿ ಬೇಕು. ಇಲ್ಲದಿದ್ದರೆ ಸೀಟಿ ಕಟ್ಟಿಕೊಂಡ ಕುಕ್ಕರಿನ ಕಥೆಯಾಗುತ್ತದೆ, ಎಲ್ಲಿ ದುರ್ಬಲ ಸೀಲು ಉಂಟೋ ಅಲ್ಲಿಂದ ಎಣ್ಣೆ ಹೊರಗೆ ಬರುತ್ತದೆ.

ಹಿಂದಿನ ಕಾಲದ ಕಾರುಗಳಲ್ಲಿ ಒಂದು ಪೈಪು ಇಟ್ಟು ಆ ಹೊಗೆಯನ್ನು ಸೀದಾ ರಸ್ತೆಗೆ ಬಿಡುತ್ತಿದ್ದರು. 1960ರ ದಶಕದ ಆರಂಭದಲ್ಲಿ ಕ್ಯಾಲಿಫೋರ್ನಿಯಾದವರು ಹೊಗೆಮಂಜಿನ ಕಾಟ ತಡೆಯಲಾರದೆ ಇದಕ್ಕೆ ತಡೆ ಹಾಕಿದರು. ಆಗ ಬಂದದ್ದು ಪಿ.ಸಿ.ವಿ. ವ್ಯವಸ್ಥೆ. ಕ್ರ್ಯಾಂಕ್‌ಕೇಸಿನ ಗ್ಯಾಸನ್ನು ವಾಪಸು ಇಂಜಿನಿನ ಮೂಗಿಗೇ ಕೊಟ್ಟು ಮತ್ತೆ ಉರಿಸಿಬಿಡುವುದು. ಹೋಗುವಾಗ ಅದು ಸ್ವಲ್ಪ ಎಣ್ಣೆಯ ಆವಿಯನ್ನೂ ಜೊತೆಗೆ ಎಳೆದುಕೊಂಡು ಹೋಗುತ್ತದೆ. ಕ್ಯಾಚ್ ಕ್ಯಾನ್ ಅಂದರೆ ಆ ಪೈಪಿನ ನಡುವೆ ಕೂರಿಸುವ ಒಂದು ಡಬ್ಬಿ. ಗ್ಯಾಸು ಅದರೊಳಗೆ ಹೊಕ್ಕು ಎಣ್ಣೆ ಬಿಟ್ಟು ಮುಂದೆ ಹೋಗಬೇಕು. ಅಷ್ಟೇ ಸಂಗತಿ.

ಈಗ ಡಬ್ಬಿಯ ಪರ ವಕೀಲರ ವಾದಗಳನ್ನು ಒಂದೊಂದಾಗಿ ನೋಡೋಣ.

ವಾದ ಒಂದು: "ಡಬ್ಬಿ ಬಿಚ್ಚಿ ನೋಡಿ, ಎಷ್ಟು ಎಣ್ಣೆ ಸಿಕ್ಕಿದೆ!"

ಇದು ಎಲ್ಲರ ಬ್ರಹ್ಮಾಸ್ತ್ರ. ಡಬ್ಬಿಯ ತಳದಲ್ಲಿ ಕಾಫಿ ಬಣ್ಣದ ಕೆಸರು ತೋರಿಸಿ "ಇದೆಲ್ಲ ನಿಮ್ಮ ಇಂಜಿನಿಗೆ ಹೋಗ್ತಿತ್ತು" ಅನ್ನುವುದು. ಸ್ವಾಮೀ, ಆ ಕೆಸರು ಪೂರ್ತಿ ಎಣ್ಣೆಯಲ್ಲ. ಒಂದು ಲೀಟರ್ ಪೆಟ್ರೋಲು ಉರಿದರೆ ಸುಮಾರು ಒಂದು ಲೀಟರಿನಷ್ಟು ನೀರು ಹುಟ್ಟುತ್ತದೆ. ಹೈಸ್ಕೂಲಿನ ರಸಾಯನಶಾಸ್ತ್ರ, ನಂಬಿಕೆ ಇಲ್ಲದವರು ಲೆಕ್ಕ ಹಾಕಿ ನೋಡಿ. ಹೆಚ್ಚಿನದು ಸೈಲೆನ್ಸರಿನಿಂದ ಆವಿಯಾಗಿ ಹೋಗುತ್ತದೆ, ಸ್ವಲ್ಪ ಬ್ಲೋ ಬೈ ಜೊತೆ ಕೆಳಗಿಳಿಯುತ್ತದೆ. ಇಂಜಿನಿನ ಬಿಸಿಯಿಂದ ದೂರದಲ್ಲಿ ತಣ್ಣಗೆ ಕೂತ ಲೋಹದ ಡಬ್ಬಿಗೆ ಈ ಆವಿ ತಾಗಿದರೆ ನೀರಾಗಿ ಇಳಿಯಲೇಬೇಕು. ಅದರ ಜೊತೆ ಚೂರು ಪೆಟ್ರೋಲು, ಚೂರು ಎಣ್ಣೆ ಕಲಸಿದರೆ ಆ ಕಾಫಿ ತಯಾರು. ಡಬ್ಬಿ ಇಲ್ಲದಿದ್ದರೆ ಅದರ ಬಹುಪಾಲು ಆವಿಯಾಗಿಯೇ ಒಳಗೆ ಹೋಗಿ ಹೊರಗೆ ಬರುತ್ತಿತ್ತು, ಯಾರಿಗೂ ಗೊತ್ತಾಗುತ್ತಿರಲಿಲ್ಲ.

ಇನ್ನೊಂದು ಗಮ್ಮತ್ತು. ವಿಡಿಯೋಗಳಲ್ಲಿ ಡಬ್ಬಿ ತುಂಬಿ ತುಳುಕುವುದನ್ನು ತೋರಿಸುವವರಲ್ಲಿ ಎಷ್ಟೋ ಮಂದಿ ಹಿಮ ಬೀಳುವ ದೇಶದವರು. ಸೊನ್ನೆಗಿಂತ ಕೆಳಗಿನ ಚಳಿಯಲ್ಲಿ ಇಂಜಿನಿನೊಳಗೆ ನೀರು ಕಟ್ಟುವುದು ಸಹಜ. ನಮ್ಮಲ್ಲಿ ಡಿಸೆಂಬರ್ ಬೆಳಿಗ್ಗೆಯೂ 20 ಡಿಗ್ರಿಯ ಆಸುಪಾಸು. ಸ್ವೆಟರ್ ಇಲ್ಲದ ಊರಿನವರು ಚಳಿ ದೇಶದವರ ಮದ್ದು ಕುಡಿಯುವುದು ಯಾಕೆ?

ವಾದ ಎರಡು: "ವಾಲ್ವಿನಲ್ಲಿ ಕರಿ ಕಟ್ಟುತ್ತದೆ."

ಇದು ಗಟ್ಟಿ ವಾದ, ಇದನ್ನು ಹಾರಿಸಿ ಹೋಗುವುದಿಲ್ಲ. ಆದರೆ ಯಾವ ಇಂಜಿನ್ ಅಂತ ಕೇಳದೆ ಮಾತಾಡಬಾರದು.

ಪೆಟ್ರೋಲ್ ಟರ್ಬೊಗಳಲ್ಲಿ ಎರಡು ಜಾತಿ. ಒಂದರಲ್ಲಿ ಪೆಟ್ರೋಲು ಇನ್‌ಟೇಕ್ ವಾಲ್ವಿನ ಹಿಂದೆ ಚಿಮ್ಮುತ್ತದೆ, ಗಾಳಿಯ ಜೊತೆ ಒಳಗೆ ಹೋಗುತ್ತದೆ. ಟಾಟಾ ನೆಕ್ಸಾನಿನ 1.2 ರೆವೊಟ್ರಾನ್, ನಿಸಾನ್ ಮ್ಯಾಗ್ನೈಟಿನ 1.0 ಟರ್ಬೊ ಈ ಜಾತಿ. ಇವುಗಳಲ್ಲಿ ಪೆಟ್ರೋಲೇ ವಾಲ್ವಿನ ಬೆನ್ನು ತೊಳೆಯುತ್ತಾ ಇರುತ್ತದೆ. ಇನ್ನೊಂದರಲ್ಲಿ ಪೆಟ್ರೋಲು ಸೀದಾ ಸಿಲಿಂಡರಿನೊಳಗೇ ಚಿಮ್ಮುತ್ತದೆ. ಫೋಕ್ಸ್‌ವ್ಯಾಗನ್, ಸ್ಕೋಡಾದವರ ಟಿ.ಎಸ್.ಐ., ಹ್ಯುಂಡೈ, ಕಿಯಾದವರ ಟಿ-ಜಿ.ಡಿ.ಐ. ಈ ಜಾತಿ. ಇಲ್ಲಿ ವಾಲ್ವು ತೊಳೆಯುವವರು ಯಾರೂ ಇಲ್ಲ, ಬಂದ ಎಣ್ಣೆ ಆವಿ ಬಿಸಿ ವಾಲ್ವಿಗೆ ಅಂಟಿ ಸುಟ್ಟು ಕರಿಯಾಗುತ್ತದೆ. ಮಹೀಂದ್ರದವರ ಎಕ್ಸ್.ಯು.ವಿ. 3ಎಕ್ಸ್.ಒ. 2024ರಲ್ಲಿ ಬಂದಾಗ ಒಂದೇ ಕಾರಿನಲ್ಲಿ 1.2 ಲೀಟರಿನ ಎರಡೂ ಜಾತಿಯ ಟರ್ಬೊ ಇಂಜಿನುಗಳನ್ನು ಕೊಟ್ಟರು. ಅಂದರೆ ಒಂದೇ ಶೋರೂಮಿನಲ್ಲಿ ಅಕ್ಕಪಕ್ಕ ನಿಂತ ಎರಡು ಕಾರುಗಳಿಗೆ ಈ ಪ್ರಶ್ನೆಯ ಉತ್ತರ ಬೇರೆ ಬೇರೆ. ಅಂಗಡಿಯವ ಯಾವತ್ತಾದರೂ "ನಿಮ್ಮದು ಯಾವ ಇಂಜಿನ್?" ಅಂತ ಕೇಳಿದ್ದುಂಟಾ?

ಹಾಗಾದರೆ ಎರಡನೇ ಜಾತಿಗೆ ಡಬ್ಬಿ ಹಾಕಿದರೆ ಕರಿ ನಿಲ್ಲುತ್ತದಾ? ಕಡಿಮೆ ಆಗಬಹುದು, ನಿಲ್ಲುವುದಿಲ್ಲ. ವಾಲ್ವಿಗೆ ಎಣ್ಣೆ ಬರುವ ದಾರಿ ಒಂದೇ ಅಲ್ಲ. ವಾಲ್ವಿನ ಕಡ್ಡಿಯ ಸೀಲಿನಿಂದಲೂ ಸ್ವಲ್ಪ ಇಳಿಯುತ್ತದೆ. ಸುಟ್ಟ ಗ್ಯಾಸು ಹಿಂದಕ್ಕೆ ಬಂದು ಮಸಿ ಹಚ್ಚುತ್ತದೆ. ಡಬ್ಬಿ ಇವೆರಡನ್ನೂ ಮುಟ್ಟುವುದಿಲ್ಲ.

ಮುಖ್ಯವಾದ ಮಾತು ಇನ್ನೂ ಉಂಟು. ಟರ್ಬೊ ಇಂಜಿನಿನಲ್ಲಿ ಈ ಗ್ಯಾಸು ಹೋಗುವ ದಾರಿ ಸಾಮಾನ್ಯವಾಗಿ ಎರಡು. ಪಂಪ್‌ವೆಲ್ಲಿನ ಟ್ರಾಫಿಕ್ಕಿನಲ್ಲಿ ತೆವಳುವಾಗ ಇನ್‌ಟೇಕ್ ಮ್ಯಾನಿಫೋಲ್ಡಿನಲ್ಲಿ ಎಳೆತ ಇರುತ್ತದೆ, ಗ್ಯಾಸು ಸೀದಾ ಅಲ್ಲಿಗೆ ಹೋಗುತ್ತದೆ. ಶಿರಾಡಿ ಘಾಟಿ ಹತ್ತುವಾಗ ಟರ್ಬೊ ಗಾಳಿ ತುಂಬುತ್ತಾ ಇರುತ್ತದೆ, ಮ್ಯಾನಿಫೋಲ್ಡಿನಲ್ಲಿ ಎಳೆತದ ಬದಲು ಒತ್ತಡ. ಆಗ ಒಂದು ವಾಲ್ವು ಆ ಬಾಗಿಲು ಮುಚ್ಚುತ್ತದೆ, ಗ್ಯಾಸು ಟರ್ಬೊದ ಮುಂಭಾಗಕ್ಕೆ ಹೋಗಿ ಟರ್ಬೊ, ಇಂಟರ್‌ಕೂಲರ್ ಎಲ್ಲ ಸುತ್ತಿ ಬರುತ್ತದೆ. ನಮ್ಮಲ್ಲಿ ಹಾಕಿದ ಡಬ್ಬಿಗಳಲ್ಲಿ ನಾನು ಕಂಡವೆಲ್ಲ ಒಂದೇ ಹೋಸಿಗೆ ಹಾಕಿದವು. ಎರಡು ಬಾಗಿಲಿನ ಮನೆಗೆ ಒಂದೇ ಬಾಗಿಲಿಗೆ ಬೀಗ ಹಾಕಿ "ಕಳ್ಳರ ಭಯ ಇಲ್ಲ" ಅಂದ ಹಾಗೆ! ಸಾಲದ್ದಕ್ಕೆ ಅಗ್ಗದ ಡಬ್ಬಿಗಳ ಒಳಗೆ ಏನೂ ಇರುವುದಿಲ್ಲ. ಎಣ್ಣೆಯ ಹನಿಗಳು ಕಣ್ಣಿಗೆ ಕಾಣದಷ್ಟು ಸಣ್ಣವು. ಅವನ್ನು ಹಿಡಿಯಲು ಒಳಗೆ ಅಡ್ಡ ತಗಡು, ಜಾಲರಿ, ಫಿಲ್ಟರ್ ಬೇಕು. ಖಾಲಿ ಡಬ್ಬಿಯಲ್ಲಿ ಗ್ಯಾಸು ಒಂದು ತೂತಿನಿಂದ ಹೊಕ್ಕು ಇನ್ನೊಂದರಿಂದ ಹೊರಡುತ್ತದೆ. ಈಗಿನ ಇಂಜಿನುಗಳಲ್ಲಿ ಕಂಪನಿಯವರೇ ಎಣ್ಣೆ ಬೇರ್ಪಡಿಸುವ ವ್ಯವಸ್ಥೆಯನ್ನು ಇಂಜಿನಿನ ಭಾಗವಾಗಿಯೇ ಕೂರಿಸಿರುತ್ತಾರೆ. ಅಲ್ಲಿ ಸಿಕ್ಕ ಎಣ್ಣೆ ತಾನಾಗಿ ಕೆಳಗಿಳಿದು ಸಂಪಿಗೆ ಸೇರುತ್ತದೆ. ಆ ಕೆಲಸವನ್ನೇ ಡಬ್ಬಿಯವ ದುಡ್ಡು ತೆಗೆದುಕೊಂಡು ಎರಡನೇ ಸಲ ಮಾಡುತ್ತಾನೆ, ಸಿಕ್ಕ ಎಣ್ಣೆಯನ್ನು ವಾಪಸು ಕೊಡದೆ.

ವಾದ ಮೂರು: "ರೇಸ್ ಕಾರಿನಲ್ಲಿ ಉಂಟಲ್ಲ?"

ಉಂಟು. ಯಾಕೆ ಉಂಟು ಗೊತ್ತಾ? ಕ್ರ್ಯಾಂಕ್‌ಕೇಸಿನ ಗಾಳಿಯನ್ನು ಹೊರಗೆ ಬಿಡುವ ರೇಸ್ ಕಾರುಗಳಿಗೆ ಅಂತಾರಾಷ್ಟ್ರೀಯ ಮೋಟಾರ್ ಕ್ರೀಡಾ ಸಂಸ್ಥೆ ಎಫ್.ಐ.ಎ. ನಿಯಮ ಮಾಡಿದೆ: 2000 ಸಿ.ಸಿ.ವರೆಗಿನ ಇಂಜಿನಿಗೆ ಕನಿಷ್ಠ 2 ಲೀಟರಿನ, ಅದಕ್ಕಿಂತ ದೊಡ್ಡದಕ್ಕೆ 3 ಲೀಟರಿನ ಡಬ್ಬಿ ಇರಬೇಕು. ಅದು ಇಂಜಿನಿನ ಆರೋಗ್ಯಕ್ಕೆ ಅಂತ ಮಾಡಿದ ನಿಯಮವಲ್ಲ. ಟ್ರ್ಯಾಕಿನ ಮೇಲೆ ಎಣ್ಣೆ ಚೆಲ್ಲಿ ಹಿಂದಿನಿಂದ ಬರುವವ ಜಾರಿ ಸಾಯಬಾರದು ಅಂತ ಮಾಡಿದ್ದು. ರೇಸಿನವರು ಓಟ ಮುಗಿದ ಕೂಡಲೇ ಡಬ್ಬಿ ಖಾಲಿ ಮಾಡುತ್ತಾರೆ, ಇಂಜಿನ್ ಬಿಚ್ಚುತ್ತಾರೆ. ಮದ್ರಾಸಿನ ಟ್ರ್ಯಾಕಿನಲ್ಲಿ ಅರ್ಧ ಗಂಟೆ ಫುಲ್ ಥ್ರಾಟಲ್ ಓಡುವ ಕಾರಿಗೂ, ಲಾಲ್‌ಬಾಗಿನಿಂದ ಹಂಪನಕಟ್ಟೆಗೆ ಎರಡನೇ ಗೇರಿನಲ್ಲಿ ಬರುವ ಕಾರಿಗೂ ಎಲ್ಲಿಯ ಸಂಬಂಧ? ಪೈಲ್ವಾನ ದಿನಕ್ಕೆ ಇಪ್ಪತ್ತು ಮೊಟ್ಟೆ ತಿನ್ನುತ್ತಾನೆ ಅಂತ ನಾವೂ ತಿಂದರೆ ಏನಾದೀತು ಅಂತ ಬೇರೆ ಹೇಳಬೇಕಾ?

ವಾದ ನಾಲ್ಕು: "ಇದ್ದರೆ ಇರಲಿ, ನಷ್ಟ ಏನು?"

ನನಗೆ ನಿಜವಾಗಿ ಸಿಟ್ಟು ಬರುವುದು ಈ ವಾದಕ್ಕೆ. ಮೊನ್ನೆ ನಮ್ಮ ಕೆಳಗಿನ ಮನೆಯ ಮಾಸ್ಟ್ರು ಇದನ್ನೇ ಕೇಳಿದರು. ರಿಟೈರಾದ ಮೇಲೆ ಬಂದ ದುಡ್ಡಿನಲ್ಲಿ ತೆಗೆದ ಕಾರು. ದಿನಾ ಕದ್ರಿ ಮಾರ್ಕೆಟಿಗೆ, ದೇವಸ್ಥಾನಕ್ಕೆ, ವಾಪಸು ಮನೆಗೆ. ಮೂರು ನಾಲ್ಕು ಕಿಲೋಮೀಟರ್.

"ಅಲ್ಲ ಮಾರಾಯಾ, ಅಂಗಡಿಯವ ಹೇಳ್ತಾನೆ, ಈ ಡಬ್ಬಿ ಹಾಕದಿದ್ರೆ ಟರ್ಬೊ ಹೋಗ್ತದಂತೆ. ಹೌದಾ?"

"ಇಲ್ಲ ಮಾಸ್ಟ್ರೇ, ಸರಿಯಾಗಿ ಹಾಕದಿದ್ರೆ ಡಬ್ಬಿಯಿಂದಲೇ ಟರ್ಬೊ ಹೋಗ್ತದೆ" ಅಂದೆ. ಅವರಿಗೆ ತಮಾಷೆ ಅನ್ನಿಸಿತು. ತಮಾಷೆಯಲ್ಲ. ಟರ್ಬೊದ ಒಳಗಿನ ಕಡ್ಡಿ ನಿಮಿಷಕ್ಕೆ ಲಕ್ಷ ಸುತ್ತು ಮೀರಿ ತಿರುಗುತ್ತದೆ. ಅದನ್ನು ಬದುಕಿಸುವುದು ಇಂಜಿನ್ ಎಣ್ಣೆ. ಪಂಪಿನ ಒತ್ತಡದಲ್ಲಿ ಎಣ್ಣೆ ಟರ್ಬೊಗೆ ಹೋಗುತ್ತದೆ, ವಾಪಸು ಬರುವುದು ಮಾತ್ರ ತನ್ನ ಭಾರಕ್ಕೆ ತಾನೇ ಇಳಿದು. ಡಬ್ಬಿಯ ಹೋಸು ಸಪೂರ ಇದ್ದರೆ, ಮಡಚಿಕೊಂಡರೆ, ಒಳಗಿನ ಜಾಲರಿ ಕಟ್ಟಿಕೊಂಡರೆ ಕ್ರ್ಯಾಂಕ್‌ಕೇಸಿನಲ್ಲಿ ಒತ್ತಡ ಏರುತ್ತದೆ. ಕೆಳಗೆ ಒತ್ತಡ ಇದ್ದರೆ ಮೇಲಿನಿಂದ ಎಣ್ಣೆ ಇಳಿಯುವುದು ಹೇಗೆ? ಟರ್ಬೊದ ಸೀಲು ದಾಟಿ ಹೊರಗೆ ಬರುತ್ತದೆ, ಸೈಲೆನ್ಸರಿನಲ್ಲಿ ನೀಲಿ ಹೊಗೆ. ಆಗ ಮೆಕ್ಯಾನಿಕ್ಕು "ಟರ್ಬೊ ಹೋಗಿದೆ ಸಾರ್" ಅನ್ನುತ್ತಾನೆ. ಡಬ್ಬಿಯ ಹೆಸರು ಯಾರೂ ಎತ್ತುವುದಿಲ್ಲ.

ನಷ್ಟದ ಪಟ್ಟಿ ಇಲ್ಲಿಗೇ ಮುಗಿಯಲಿಲ್ಲ.

ಡಬ್ಬಿಯನ್ನು ಖಾಲಿ ಮಾಡಬೇಕು, ಮರೆಯಬಾರದು. ಮರೆತು ತುಂಬಿದರೆ ಅಷ್ಟೂ ಕೆಸರನ್ನು ಇಂಜಿನ್ ಒಮ್ಮೆಲೇ ಎಳೆದುಕೊಳ್ಳಬಹುದು. ಚೂರು ಚೂರು ಹೋಗುವುದನ್ನು ತಡೆಯಲು ಹೋಗಿ ಲೋಟಗಟ್ಟಲೆ ಕುಡಿಸಿದ ಹಾಗಾಯಿತು. ಟೈರಿನ ಗಾಳಿ ನೋಡಲು ಪುರುಸೊತ್ತಿಲ್ಲದ ನಾವು ತಿಂಗಳು ತಿಂಗಳು ಬಾನೆಟ್ ಎತ್ತಿ ಡಬ್ಬಿ ಬಗ್ಗಿಸುತ್ತೇವಾ?

ಅದನ್ನು ಎಲ್ಲಿ ಚೆಲ್ಲುತ್ತೀರಿ ಅನ್ನುವುದು ಮುಂದಿನ ಪ್ರಶ್ನೆ. ಬಳಸಿದ ಇಂಜಿನ್ ಎಣ್ಣೆ ನಮ್ಮ ಕಾನೂನಿನಲ್ಲಿ ಅಪಾಯಕಾರಿ ತ್ಯಾಜ್ಯ. ಆದರೆ ಅಂಗಳದಲ್ಲಿ ಖಾಲಿ ಮಾಡುವವನ ಕೈಗೆ ಹತ್ತಿರ ಸಿಗುವುದು ಮನೆ ಮುಂದಿನ ತೋಡು. ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರ್ ಮೀರಿ ಮಳೆ ಸುರಿಯುವ ಊರು ನಮ್ಮದು. ತೋಡಿಗೆ ಬಿದ್ದದ್ದು ಫಲ್ಗುಣಿಗೋ ನೇತ್ರಾವತಿಗೋ ಸೇರಿ ಅಳಿವೆಬಾಗಿಲಿಗೆ ಹೋಗುತ್ತದೆ. ಮರುವಾಯಿ ಸುಕ್ಕ ಅಂದರೆ ಬಾಯಲ್ಲಿ ನೀರೂರಿಸುವವರು ಇದನ್ನೂ ಸ್ವಲ್ಪ ನೆನಪಿಟ್ಟುಕೊಳ್ಳಬೇಕು.

ಕೆಲವರು ಡಬ್ಬಿಯ ಮೇಲೆ ಸಣ್ಣ ಫಿಲ್ಟರ್ ಸಿಕ್ಕಿಸಿ ಗ್ಯಾಸನ್ನು ಹೊರಗೇ ಬಿಡುತ್ತಾರೆ. ಕಾಣಲು ಚಂದ. ಆದರೆ ಪೆಟ್ರೋಲ್ ಕಾರಿನ ಕ್ರ್ಯಾಂಕ್‌ಕೇಸಿನ ಗ್ಯಾಸು ಹೊರಗೆ ಬರಲೇಬಾರದು ಅನ್ನುವುದು ನಮ್ಮ ದೇಶದ ಹೊಗೆ ಪರೀಕ್ಷೆಯ ನಿಯಮ. ಅಂದರೆ 1960ರ ಮೊದಲಿನ ಅಮೆರಿಕಾಕ್ಕೆ ವಾಪಸು ಹೋದ ಹಾಗೆ. ಮೇಲಿಂದ, ಲೆಕ್ಕಕ್ಕೆ ಸಿಗದ ಗಾಳಿ ಎಲ್ಲಿಂದಲೋ ಒಳಗೆ ಬಂದರೆ ಇಂಜಿನ್ ಲೈಟು ಉರಿಯುತ್ತದೆ, ಎ.ಸಿ. ಹಾಕಿದ ಗಾಡಿಯೊಳಗೆ ಎಣ್ಣೆ ವಾಸನೆಯೂ ಬರುತ್ತದೆ.

ಕಾನೂನಿನ ಮಾತು ಬಂತಲ್ಲ, ಅದನ್ನೂ ಮುಗಿಸುತ್ತೇನೆ. ಮೋಟಾರು ವಾಹನ ಕಾಯ್ದೆ 1988ರ 52ನೇ ಸೆಕ್ಷನ್ ಪ್ರಕಾರ ತಯಾರಕರು ಕೊಟ್ಟ ಮೂಲ ವಿವರಣೆಗೆ ವಿರುದ್ಧವಾಗಿ ವಾಹನ ಬದಲಾಯಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಕೇರಳದ ಒಂದು ಪ್ರಕರಣದಲ್ಲಿ ಇದನ್ನೇ ಎತ್ತಿ ಹಿಡಿಯಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಬಂದ 182ಎ ಸೆಕ್ಷನ್ ಪ್ರಕಾರ ಅನುಮತಿ ಇಲ್ಲದ ಒಂದೊಂದು ಬದಲಾವಣೆಗೂ ಮಾಲೀಕನಿಗೆ 5,000 ರೂಪಾಯಿ ದಂಡ, ಅಥವಾ ಆರು ತಿಂಗಳವರೆಗೆ ಜೈಲು, ಅಥವಾ ಎರಡೂ. ಗ್ಯಾಸನ್ನು ವಾಪಸು ಇಂಜಿನಿಗೇ ಕೊಡುವ ಮುಚ್ಚಿದ ಡಬ್ಬಿ ಇದರ ಅಡಿಯಲ್ಲಿ ಬರುತ್ತದಾ ಅಂತ ವಕೀಲರು ವಾದ ಮಾಡಬಹುದು. ಆದರೆ ನಿಮ್ಮ ಸರ್ವಿಸ್ ಸೆಂಟರಿನವ ವಾದ ಮಾಡುವುದಿಲ್ಲ. ಕತ್ತರಿಸಿದ ಹೋಸು ಕಂಡರೆ ಸಾಕು, ವಾರಂಟಿ ಕಾಗದ ಮಡಚಿ ನಿಮ್ಮ ಕೈಗೇ ಕೊಟ್ಟಾನು. ಮಾಸ್ಟ್ರಂಥವರಿಗೆ ಟರ್ಬೊದ ಬಿಲ್ಲು ಅಂದರೆ ಎಷ್ಟೋ ತಿಂಗಳ ಪೆನ್ಶನ್ನು.

"ನನ್ನದು ಡೀಸೆಲ್, ನನಗೆ?" ಅಂತ ಕೇಳುವವರಿದ್ದಾರೆ. ಡೀಸೆಲ್ಲಿನಲ್ಲಿ ಇ.ಜಿ.ಆರ್. ಅಂತ ಒಂದು ಉಂಟು. ಸುಟ್ಟ ಹೊಗೆಯಲ್ಲಿ ಒಂದು ಪಾಲನ್ನು ವಾಪಸು ಇಂಜಿನಿಗೇ ಕುಡಿಸುತ್ತದೆ. ಆ ಮಸಿಯೂ ಎಣ್ಣೆ ಆವಿಯೂ ಸೇರಿ ಇನ್‌ಟೇಕ್ ಪೈಪಿನಲ್ಲಿ ಡಾಂಬರಿನ ಹಾಗೆ ಅಂಟುತ್ತದೆ. ಬಂಗುಡೆ ಹುರಿಯುವ ಮನೆಯ ಅಡುಗೆಕೋಣೆಯ ಎಕ್ಸಾಸ್ಟ್ ಫ್ಯಾನ್ ನೋಡಿ, ಅರ್ಥವಾಗುತ್ತದೆ. ಎಣ್ಣೆ ಕಡಿಮೆಯಾದರೆ ಅಂಟು ಕಡಿಮೆಯಾದೀತು, ನಿಜ. ಆದರೆ ಮಸಿ ಬರುವುದು ಬರುತ್ತಲೇ ಇರುತ್ತದೆ. ಅಲ್ಲಿ ಬೇಕಾದದ್ದು ಆಗಾಗ ಉದ್ದ ಓಟ, ಬೇಕಾದಾಗ ಇ.ಜಿ.ಆರ್. ಬಿಚ್ಚಿ ತೊಳೆಯುವುದು.

ಹಾಗಾದರೆ ಏನು ಮಾಡಬೇಕು? ಬೇಡ ಅನ್ನುವವ ಬೇಕಾದದ್ದನ್ನೂ ಹೇಳಬೇಕಲ್ಲ.

ಡಬ್ಬಿಯ ದುಡ್ಡನ್ನು ಎಣ್ಣೆಗೆ ಹಾಕಿ. ಕಂಪನಿ 10,000 ಅಥವಾ 15,000 ಕಿಲೋಮೀಟರ್ ಅಥವಾ ಒಂದು ವರ್ಷ ಅಂತ ಬರೆದಿರುತ್ತದೆ. ಬರೀ ಊರೊಳಗೆ ತಿರುಗುವ ಟರ್ಬೊ ಕಾರಿಗೆ ಅದರ ಅರ್ಧದಲ್ಲೇ ಎಣ್ಣೆ ಬದಲಿಸಿ. ಮಾಲೀಕರ ಪುಸ್ತಕದಲ್ಲಿ ಹೇಳಿದ ಗ್ರೇಡೇ ಇರಲಿ. ಎಣ್ಣೆ ಎಷ್ಟು ಆವಿಯಾಗುತ್ತದೆ ಅಂತ ಅಳೆಯುವ ನೋವಾಕ್ ಪರೀಕ್ಷೆ ಅಂತ ಉಂಟು, 250 ಡಿಗ್ರಿಯಲ್ಲಿ ಒಂದು ಗಂಟೆ ಕಾಯಿಸಿ ಎಷ್ಟು ಶೇಕಡಾ ಹಾರಿಹೋಯಿತು ಅಂತ ನೋಡುತ್ತಾರೆ. ಎಷ್ಟೋ ಎಣ್ಣೆಗಳ ಮಾಹಿತಿ ಹಾಳೆಯಲ್ಲಿ ಆ ಅಂಕಿ ಸಿಗುತ್ತದೆ. ಯುರೋಪಿನ ಸಿ3 ದರ್ಜೆಯ ಎಣ್ಣೆಗೆ 13 ಮೀರುವಂತಿಲ್ಲ. ಅಂಕಿ ಕಡಿಮೆ ಇದ್ದಷ್ಟೂ ಪೈಪಿಗೆ ಹೋಗುವ ಆವಿ ಕಡಿಮೆ. ಡಬ್ಬಿಯಲ್ಲಿ ಹಿಡಿಯುವ ಬದಲು ಹುಟ್ಟುವಲ್ಲೇ ಕಡಿಮೆ ಮಾಡುವುದು ಜಾಣತನ ಅಲ್ವಾ?

ಎಣ್ಣೆ ಗುರುತು ಮೀರಿ ತುಂಬಿಸಬೇಡಿ. "ಇರಲಿ ಸಾರ್, ಸ್ವಲ್ಪ ಜಾಸ್ತಿ" ಅನ್ನುವ ಗ್ಯಾರೇಜಿನವರ ಪ್ರೀತಿಯಿಂದಲೂ ಪೈಪಿಗೆ ಎಣ್ಣೆ ಹೋಗುತ್ತದೆ. ಡಿಪ್‌ಸ್ಟಿಕ್ ನೀವೇ ಎಳೆದು ನೋಡಿ. ವಾರಕ್ಕೊಮ್ಮೆ ಮೂಲ್ಕಿ, ಉಡುಪಿ ಕಡೆಗೆ ಒಂದು ಓಟ ಹೋಗಿ ಬನ್ನಿ. ಎಣ್ಣೆ ಪೂರ್ತಿ ಬಿಸಿಯಾಗಿ ಒಳಗಿನ ನೀರು, ಪೆಟ್ರೋಲು ಆವಿಯಾಗಿ ಹೋಗುತ್ತದೆ. ಪಿ.ಸಿ.ವಿ. ವಾಲ್ವು ಹಾಳಾಗಿದ್ದರೆ ಅದನ್ನೇ ಬದಲಿಸಿ. ಇಂಟರ್‌ಕೂಲರ್ ಪೈಪಿನಲ್ಲಿ ಎಣ್ಣೆಯ ತೆಳು ಪಸೆ ಕಂಡರೆ ಗಾಬರಿ ಬೇಡ, ಅದು ಸಹಜ. ಪೈಪಿನಿಂದ ಎಣ್ಣೆ ಹರಿದು ಬಂದರೆ ಆಗ ರಿಂಗಿನದ್ದೋ ಟರ್ಬೊದ್ದೋ ಸಮಸ್ಯೆ ಉಂಟು, ಕಂಪ್ರೆಶನ್ ಪರೀಕ್ಷೆ ಮಾಡಿಸಿ. ಅಂಥ ಇಂಜಿನಿಗೆ ಡಬ್ಬಿ ಹಾಕುವುದು ಸೋರುವ ಮಾಡಿನ ಕೆಳಗೆ ಪಾತ್ರೆ ಇಟ್ಟ ಹಾಗೆ. ಮಳೆಗಾಲದವರಿಗೆ ಇದಕ್ಕಿಂತ ಬಿಡಿಸಿ ಹೇಳಬೇಕಾಗಿಲ್ಲ :-)

ಯಾರಿಗೆ ಬೇಕು ಅಂತಲೂ ಹೇಳುತ್ತೇನೆ. ಸೀದಾ ಸಿಲಿಂಡರಿಗೆ ಪೆಟ್ರೋಲು ಚಿಮ್ಮುವ ಇಂಜಿನ್, ವಾರಂಟಿ ಮುಗಿದಿದೆ, ರೀಮ್ಯಾಪ್ ಮಾಡಿ ಬೂಸ್ಟ್ ಏರಿಸಿದ್ದೀರಿ, ಟ್ರ್ಯಾಕಿಗೋ ರ್‍ಯಾಲಿಗೋ ಹೋಗುತ್ತೀರಿ ಅಂತಾದರೆ ಹಾಕಿ. ಒಳಗೆ ಜಾಲರಿ ಇರುವ, ಗ್ಯಾಸನ್ನು ವಾಪಸು ಕೊಡುವ ಮುಚ್ಚಿದ ಡಬ್ಬಿಯನ್ನೇ ಹಾಕಿ. ಕಂಪನಿ ಹೋಸಿನಷ್ಟೇ ಅಗಲದ, ಎಣ್ಣೆಗೆ ಕರಗದ ಹೋಸು ಬಳಸಿ, ಕತ್ತರಿಸದೆ ಬೇರೆಯದೇ ಹೋಸು ಜೋಡಿಸಿ. ಎರಡೂ ದಾರಿಗೆ ವ್ಯವಸ್ಥೆ ಇರಲಿ. ತುಂಬುವ ಮೊದಲೇ ಖಾಲಿ ಮಾಡಿ, ಸಿಕ್ಕಿದ್ದನ್ನು ಬಾಟಲಿಯಲ್ಲಿ ತುಂಬಿ ಹಳೆ ಎಣ್ಣೆ ತೆಗೆದುಕೊಳ್ಳುವ ಗ್ಯಾರೇಜಿಗೆ ಕೊಡಿ. ಇಷ್ಟೆಲ್ಲ ಮಾಡುವ ಶ್ರದ್ಧೆ ಇರುವವರ ಮೇಲೆ ನನಗೆ ಜಗಳವೇ ಇಲ್ಲ, ಗೌರವ ಉಂಟು. ಅಂಥವರಿಗೆ ಅಂಗಡಿಯವನ ಮಾತೂ ಬೇಡ, ನನ್ನ ಮಾತೂ ಬೇಡ.

ನನ್ನ ಜಗಳ ಹೆದರಿಸಿ ಮಾರುವವರ ಜೊತೆ. ಗೊತ್ತಿಲ್ಲದವರ ಹೆದರಿಕೆ ಅವರಿಗೆ ವ್ಯಾಪಾರ. ಒಳ್ಳೆಯ ಎಣ್ಣೆ ಬಾನೆಟ್ ಎತ್ತಿದರೆ ಕಾಣುವುದಿಲ್ಲ, ನೀಲಿ ಬಣ್ಣದ ಅಲ್ಯುಮಿನಿಯಂ ಡಬ್ಬಿ ಫಳಫಳ ಕಾಣುತ್ತದೆ. ಆದ್ದರಿಂದ ಡಬ್ಬಿಗೆ ಗಿರಾಕಿ ಜಾಸ್ತಿ.

ಮಾಸ್ಟ್ರು ಡಬ್ಬಿ ಹಾಕಿಸಲಿಲ್ಲ, ಎಣ್ಣೆ ಬದಲಿಸಿದರು. ನಿಮ್ಮಲ್ಲಿ ಯಾರಾದರೂ ಹಾಕಿಸಿದ್ದರೆ, ಎಷ್ಟು ಕಿಲೋಮೀಟರಿಗೆ ಎಷ್ಟು ಸಿಕ್ಕಿತು, ಅದರಲ್ಲಿ ನೀರೆಷ್ಟು ಎಣ್ಣೆಯೆಷ್ಟು ಅಂತ ಒಂದು ಗಾಜಿನ ಬಾಟಲಿಯಲ್ಲಿ ಎರಡು ದಿನ ಅಲುಗಾಡಿಸದೆ ಇಟ್ಟು ನೋಡಿ ಕಮೆಂಟಿನಲ್ಲಿ ಬರೆಯಿರಿ. ಪೂರ್ತಿ ಬೇರೆಯಾಗಲಿಕ್ಕಿಲ್ಲ, ಆದರೂ ತಳದಲ್ಲಿ ನೀರು ಎಷ್ಟು ಇಳಿಯಿತು ಅಂತ ಒಂದು ಅಂದಾಜು ಸಿಗುತ್ತದೆ. ಅಂಕಿ ಇಟ್ಟು ಬೈಯುವವರಿಗೆ ಸ್ವಾಗತ. ಬರೀ ಬೈಯುವವರು ಸ್ವಲ್ಪ ಕಾಯಬೇಕು, ಅವರ ಕ್ಯೂ ಉದ್ದ ಉಂಟು :-)